ಕುಡಿತದ ಮನೆಯಲ್ಲಿ ಹಳೇ ಸಾಲಕ್ಕೆ ಹೊಸ ಸಾಲ

ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆಲ್ಲ ಒಂದು ಕೆಟ್ಟ ಅಭ್ಯಾಸ ಇರುತ್ತದೆ. ಮನೆಯ ವಿಷಯವನ್ನೂ ಲೆಡ್ಜರಿನ ಹಾಗೆ ನೋಡುವುದು! ನನ್ನ ಹೆಂಡತಿಗೆ ಇದು ಸದಾ ಬೇಸರದ ಸಂಗತಿ. ಆದರೆ ಇವತ್ತು ಬರೆಯಬೇಕೆಂದಿರುವ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಆ ಲೆಡ್ಜರೇ. ಹಾಗಾಗಿ ಸ್ವಲ್ಪ ಬ್ಯಾಂಕಿನ ಭಾಷೆ ಬಂದರೆ ಸಹಿಸಿಕೊಳ್ಳಿ.

ನಮ್ಮಲ್ಲಿ ಸಾಲದ ಕಂತು 90 ದಿನ ಬಾಕಿ ಉಳಿದರೆ ಆ ಖಾತೆ ಎನ್‌ಪಿಎ. ಅಲ್ಲಿಯವರೆಗೂ ಸುಮ್ಮನೆ ಕೂರುವುದಿಲ್ಲ. 30 ದಿನದೊಳಗೆ ಒಂದು ಎಚ್ಚರಿಕೆ, 60ರೊಳಗೆ ಇನ್ನೊಂದು, 90ರೊಳಗೆ ಮತ್ತೊಂದು. ಪ್ರತಿಯೊಂದಕ್ಕೂ ಒಂದೊಂದು ಹೆಸರು, ಒಂದೊಂದು ಪಟ್ಟಿ. ಇಷ್ಟಿದ್ದರೂ ಕೆಲವರು ಒಂದು ಕಳ್ಳದಾರಿ ಹಿಡಿಯುತ್ತಾರೆ. ಅದೇ ಗಿರಾಕಿಗೆ ಹೊಸ ಸಾಲ ಕೊಟ್ಟು ಹಳೇ ಬಾಕಿ ತುಂಬಿಸಿಕೊಳ್ಳುತ್ತಾರೆ. ಕಾಗದದ ಮೇಲೆ ಖಾತೆ ಹಸಿರೋ ಹಸಿರು, ಒಳಗೆ ಮಾತ್ರ ಕೊಳೆಯುತ್ತಿರುತ್ತದೆ. ಇದಕ್ಕೆ ನಮ್ಮವರು ಎವರ್‌ಗ್ರೀನಿಂಗ್ ಅನ್ನುತ್ತಾರೆ. ರಿಸರ್ವ್ ಬ್ಯಾಂಕ್ ಕಣ್ಣಿಗೆ ಬಿದ್ದರೆ ಕಥೆ ಮುಗಿದಂತೆ.

ಬ್ಯಾಂಕಿನಲ್ಲಿ ನಾನು ಇದನ್ನು ಒಮ್ಮೆಯೂ ಮಾಡಿಲ್ಲ. ಮನೆಯಲ್ಲಿ ಹನ್ನೆರಡು ವರ್ಷ ಮಾಡಿದೆ.

ನನ್ನ ಹೆಂಡತಿಯ ತಮ್ಮ ಗದಗ ಕಡೆಯಿಂದ ಬಂದು ಇಲ್ಲಿ ಭೋಸರಿಯ ಒಂದು ಕಾರ್ಖಾನೆಗೆ ಸೇರಿದ. ಒಳ್ಳೆಯ ಕೆಲಸಗಾರ, ಮಾತಿನ ಮಲ್ಲ, ನಮ್ಮ ಮಕ್ಕಳಿಗಂತೂ ಪಂಚಪ್ರಾಣ. ಮೊದಮೊದಲು ಶನಿವಾರ ಮಾತ್ರ ಕುಡಿಯುತ್ತಿದ್ದ. ಆಮೇಲೆ ಶನಿವಾರ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದೇ ತಿಳಿಯದಂತಾಯಿತು. (ಅಂದ ಹಾಗೆ, ಇದನ್ನೆಲ್ಲ ಅವನಿಗೆ ಓದಿ ತೋರಿಸಿ, ಅವನು "ಹಾಕ್ರಿ ಮಾಮಾ, ಯಾರಿಗರ ಉಪಯೋಗ ಆಗ್ಲಿ" ಅಂದ ಮೇಲೆಯೇ ಇಲ್ಲಿ ಹಾಕುತ್ತಿದ್ದೇನೆ.)

ಅವನು ಕೆಲಸಕ್ಕೆ ಹೋಗದ ದಿನ ನನ್ನ ಹೆಂಡತಿ ಸೂಪರ್‌ವೈಸರಿಗೆ ಫೋನ್ ಮಾಡಿ "ಜ್ವರ ಬಂದಿದೆ" ಅನ್ನುತ್ತಿದ್ದಳು. ಖೋಲಿಯ ಬಾಡಿಗೆ ನಾನು ಕಟ್ಟುತ್ತಿದ್ದೆ. ಬೈಕಿನ ಕಂತು ನಾನು ತುಂಬುತ್ತಿದ್ದೆ. ಊರಿನಿಂದ ಅತ್ತೆ ಕೇಳಿದರೆ "ಆರಾಮ ಇದಾನ್ರಿ, ಓವರ್‌ಟೈಮ್ ಜಾಸ್ತಿ" ಅನ್ನುತ್ತಿದ್ದೆವು. ಇಲ್ಲಿಯ ಕನ್ನಡದವರ ರಾಜ್ಯೋತ್ಸವಕ್ಕೆ, ಮದುವೆ ಮುಂಜಿಗೆ ಅವನನ್ನು ಕರೆದುಕೊಂಡು ಹೋಗುವುದನ್ನೇ ಬಿಟ್ಟೆವು. ಪರಸ್ಥಳದಲ್ಲಿ ನಮ್ಮವರು ಅಂತ ಇರುವವರೇ ನಾಲ್ಕು ಜನ, ಆ ನಾಲ್ಕು ಜನರಿಗೆ ಗೊತ್ತಾದರೆ ಊರಿಗೇ ಗೊತ್ತಾದಂತೆ. ನಡುನಡುವೆ ಬುದ್ಧಿವಾದ. ತಾಯಿಯ ಮೇಲೆ ಆಣೆ, ದೇವರ ಮೇಲೆ ಆಣೆ, ಕೊನೆಗೆ ನನ್ನ ಮಗಳ ತಲೆಯ ಮೇಲೂ ಆಣೆ. ಪೇಪರಿನ ಜಾಹೀರಾತು ನೋಡಿ "ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ" ಅನ್ನುವ ಪುಡಿ ತರಿಸುವವರೆಗೂ ಹೋಗಿದ್ದೆ. ಪುಣ್ಯಕ್ಕೆ ನಮ್ಮ ಫ್ಯಾಮಿಲಿ ಡಾಕ್ಟರು ಬೈದು ನಿಲ್ಲಿಸಿದರು. ಅಂಥ ಪುಡಿಯಲ್ಲಿ ಏನಿರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್‌ನಂಥ ಮಾತ್ರೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರ ಕಣ್ಣೆದುರು ಕೊಡಬೇಕಾದ ಔಷಧಿ ಅದು.

ಒಂದು ದಿನ ಕಾರ್ಖಾನೆಯಿಂದ ಕೊನೆಯ ಎಚ್ಚರಿಕೆಯ ಪತ್ರ ಬಂತು. ಆಗ ನಾವಿಬ್ಬರೂ, ಅಂದರೆ ನಾನು ಮತ್ತು ನನ್ನ ಹೆಂಡತಿ, ಒಬ್ಬ ಕೌನ್ಸೆಲರ್ ಬಳಿ ಹೋದೆವು. ಅವನು ಬರಲು ಒಪ್ಪಲಿಲ್ಲ. ಕುಡಿಯುವವನೇ ಬರದಿದ್ದರೆ ಏನು ಉಪಯೋಗ ಅಂತ ನನಗೆ ಅನುಮಾನ. ಆ ಹೆಣ್ಣುಮಗಳು ಇವನನ್ನು ಬಿಡಿಸುವ ಉಪಾಯ ಹೇಳುತ್ತಾಳೆ ಅಂದುಕೊಂಡರೆ ಆಕೆ ಕೇಳಿದ್ದೇ ಬೇರೆ. "ಅವರು ಕುಡಿದ ದಿನ ನೀವೇನು ಮಾಡುತ್ತೀರಿ?"

ನಾವು ಹೇಳುತ್ತಾ ಹೋದೆವು, ಆಕೆ ಬರೆದುಕೊಳ್ಳುತ್ತಾ ಹೋದಳು. ಬಾಡಿಗೆ, ಕಂತು, ಜ್ವರ, ಓವರ್‌ಟೈಮ್... ಆ ಪಟ್ಟಿಯನ್ನು ನಮ್ಮ ಕಡೆ ತಿರುಗಿಸಿ ಇಟ್ಟಳು. ಅಷ್ಟೇ. ಬೈಯಲಿಲ್ಲ. ನನಗೆ ಮಾತ್ರ ಬೆವರು ಬಂತು. ಇಪ್ಪತ್ತು ವರ್ಷದಿಂದ ಇಂಥ ಪಟ್ಟಿ ನೋಡುತ್ತಲೇ ಬಂದವನು ನಾನು. ಇದು ಅಪ್ಪಟ ಎವರ್‌ಗ್ರೀನಿಂಗ್! ಪ್ರತಿ ಸಲ ಅವನು ಮುಳುಗಬೇಕಾದಾಗ ನಾವು ಹೊಸ ಸಾಲ ಕೊಟ್ಟಿದ್ದೆವು. ಹೀಗಾಗಿ ಕುಡಿತದ ಬೆಲೆ ಎಷ್ಟು ಎಂಬ ಬಿಲ್ಲು ಅವನ ಕೈಗೆ ಒಂದು ದಿನವೂ ಹೋಗಿರಲಿಲ್ಲ. ಅದನ್ನು ನಾವೇ ಪ್ರೀತಿಯಿಂದ ಕಟ್ಟಿಬಿಡುತ್ತಿದ್ದೆವು.

ನಾನು ಹೇಳಬೇಕೆಂದಿರುವುದು ಇದೇ. ಕೌನ್ಸೆಲಿಂಗ್ ಅಂದರೆ ಕುಡುಕನಿಗೆ ಕೊಡುವ ಉಪದೇಶ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಉಪದೇಶ ಕೆಲಸ ಮಾಡುವುದಾದರೆ ಹನ್ನೆರಡು ವರ್ಷ ನಾನೇ ಕೊಟ್ಟಿದ್ದೆನಲ್ಲ, ಪುಕ್ಕಟೆಯಾಗಿ! ಕುಡಿತ ಒಂದು ಮನೆಯ ಕಾಯಿಲೆ. ಮನೆಯವರು ಮೊದಲು ಹೋಗಬೇಕು. ಕುಡಿಯುವವನು ಬರಲಿ ಎಂದು ಕಾಯುತ್ತಾ ಕೂರಬಾರದು.

ಪುಣೆಯಲ್ಲಿ ಕೂತು ಈ ಮಾತು ಹೇಳುವಾಗ ಮುಕ್ತಾಂಗಣದ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. 1980ರ ದಶಕದಲ್ಲಿ ಈ ಊರಿಗೆ ಬ್ರೌನ್ ಶುಗರ್ ಹೊಕ್ಕಿತ್ತು. ಇಲ್ಲಿಯವರು ಅದಕ್ಕೆ 'ಗರ್ದ್' ಅನ್ನುತ್ತಿದ್ದರು. ಅದರ ಬಗ್ಗೆ ಅನಿಲ ಅವಚಟ ಲೇಖನಗಳನ್ನು ಬರೆದರು. ಓದಿದ್ದು ಡಾಕ್ಟರಿಕೆ, ಹಿಡಿದದ್ದು ಬರವಣಿಗೆ. ಅವರ ಹೆಂಡತಿ ಡಾ. ಅನಿತಾ ಅವಚಟ ಯೆರವಡಾ ಮಾನಸಿಕ ಆಸ್ಪತ್ರೆಯಲ್ಲಿ ಮನೋವೈದ್ಯೆ. ಲೇಖನ ಓದಿ ಕಲಕಿಹೋದ ಪು.ಲ. ದೇಶಪಾಂಡೆ ಮತ್ತು ಸುನೀತಾ ದೇಶಪಾಂಡೆ ದಂಪತಿ ಒಂದು ಲಕ್ಷ ರೂಪಾಯಿ ಕೊಟ್ಟರು. ಮಹಾರಾಷ್ಟ್ರವನ್ನೇ ನಗಿಸಿದ ಪು.ಲ. ನಮ್ಮ ಬೆಳಗಾವಿಯ ರಾಣಿ ಪಾರ್ವತಿ ದೇವಿ ಕಾಲೇಜಿನಲ್ಲಿ ಪಾಠ ಹೇಳಿದವರು ಎಂಬುದು ನಮಗೂ ಒಂದು ಹೆಮ್ಮೆ. 1986ರ ಆಗಸ್ಟ್ 29ರಂದು ಆ ಮಾನಸಿಕ ಆಸ್ಪತ್ರೆಯ ಆವರಣದಲ್ಲೇ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಶುರುವಾಯಿತು. ಅನಿತಾ 1997ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅನಿಲ ಅವಚಟ 2022ರ ಜನವರಿಯಲ್ಲಿ ಹೋದರು. ಮಗಳು ಮುಕ್ತಾ ಪುಣತಾಂಬೇಕರ್ ಮನಶ್ಶಾಸ್ತ್ರ ಓದಿ ಆ ಕೆಲಸವನ್ನೇ ಮುಂದುವರಿಸಿದರು.

ಅಲ್ಲಿಯ ಎರಡು ಸಂಗತಿ ನನಗೆ ಬಹಳ ಹಿಡಿಸುತ್ತದೆ. ಒಂದು, ಕುಡಿತ ಬಿಟ್ಟವರೇ ಅಲ್ಲಿ ತರಬೇತಿ ಪಡೆದು ಕೌನ್ಸೆಲರುಗಳಾಗುತ್ತಾರೆ. "ನನಗೆ ಗೊತ್ತು" ಅನ್ನುವ ಮಾತಿಗೆ ಅಂಥವರ ಬಾಯಲ್ಲಿ ಬೇರೆಯದೇ ತೂಕ. ಇನ್ನೊಂದು, ಹೆಂಡತಿಯರಿಗಾಗಿಯೇ 'ಸಹಚರಿ' ಎಂಬ ಗುಂಪು. ಗಂಡ ಕುಡಿಯುವ ಮನೆಯ ಹೆಂಗಸು ತನ್ನ ಕಥೆಯನ್ನು ತನ್ನಂಥವರ ಎದುರು ಹೇಳಿಕೊಳ್ಳುವ ಜಾಗ. ನಮ್ಮ ಕರ್ನಾಟಕದಲ್ಲೂ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ನಿಮಗೆ ಗೊತ್ತಿರಬಹುದು. ಅಲ್ಲೂ ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಮಾಡಿ ಬಿಟ್ಟವರನ್ನು ಒಟ್ಟಿಗೆ ಇಡುತ್ತಾರೆ. ಬಿಡಿಸುವುದು ಎಂಟು ದಿನದ ಕೆಲಸ ಇರಬಹುದು, ಬಿಟ್ಟವನನ್ನು ಉಳಿಸಿಕೊಳ್ಳುವುದು ವರ್ಷಗಟ್ಟಲೆಯ ಕೆಲಸ.

ಇಷ್ಟೆಲ್ಲ ಇದ್ದೂ ಜನ ಹೋಗುತ್ತಾರೆಯೇ? ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ, 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮನೆಗಳಲ್ಲಿ ಏನು ನಡೆಯುತ್ತಿದೆ ಅಂತ ನನಗೆ ಗೊತ್ತು. ಜ್ವರ, ಓವರ್‌ಟೈಮ್, ಆಣೆ.

"ದುಡ್ಡು ಕೀಳುವ ಕೇಂದ್ರಗಳೂ ಇವೆಯಲ್ಲ, ಹೊಡೆಯುತ್ತಾರಂತಲ್ಲ" ಅಂತ ನೀವು ಕೇಳಬಹುದು. ಇವೆ, ಸುಳ್ಳಲ್ಲ. ಅದಕ್ಕೇ ಬ್ಯಾಂಕಿನವನ ಇನ್ನೊಂದು ಬುದ್ಧಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಖಾತೆ ತೆರೆಯಲು ನಿಮ್ಮಿಂದ ಹತ್ತು ಕಾಗದ ಕೇಳುತ್ತೇವಲ್ಲ, ನೀವೂ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಮಾತ್ರೆ ಬರೆಯುವವರು ವೈದ್ಯರೇ ಆಗಿರಬೇಕು. ಒಳಗೆ ಸೇರಿಸಿಕೊಳ್ಳುವ ಕೇಂದ್ರವಾದರೆ ವೈದ್ಯರು ಯಾರು, ಯಾವಾಗ ಬರುತ್ತಾರೆ, ಮನೆಯವರನ್ನು ನೋಡಲು ಬಿಡುತ್ತಾರೋ ಇಲ್ಲವೋ ವಿಚಾರಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಹಾಗೆಯೇ, ದಿನವೂ ವಿಪರೀತ ಕುಡಿಯುವವನನ್ನು ಖೋಲಿಯಲ್ಲಿ ಕೂಡಿಹಾಕಿ ಏಕಾಏಕಿ ಬಿಡಿಸುವ ಸಾಹಸ ಬೇಡ. ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು. ಆ ಹಂತಕ್ಕೆ ಡಾಕ್ಟರೇ ಬೇಕು. ದುಡ್ಡಿನ ಅಡಚಣೆ ಇದ್ದರೆ ಇಲ್ಲಿ ಸಸೂನ್ ಆಸ್ಪತ್ರೆ ಇದೆ, ನಮ್ಮ ಕಡೆ ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ.

ಕೊನೆಗೆ ಭಾಷೆಯ ಮಾತು. ಮನೆಯಿಂದ ಹಣ ನಿಂತ ಎರಡನೆಯ ತಿಂಗಳಿಗೆ ನನ್ನ ಭಾವಮೈದುನ ತಾನಾಗಿಯೇ ಚಿಕಿತ್ಸೆಗೆ ಬಂದ. (ಆ ಎರಡು ತಿಂಗಳು ನನ್ನ ಹೆಂಡತಿ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ, ಅದು ಬೇರೆ ಕಥೆ.) ಕೌನ್ಸೆಲರ್ ಜೊತೆ ಮರಾಠಿಯಲ್ಲಿ ಲೀಲಾಜಾಲವಾಗಿ ಮಾತಾಡುತ್ತಿದ್ದ, ಆಕೆಯನ್ನೂ ನಗಿಸುತ್ತಿದ್ದ. ಒಂದು ತಿಂಗಳಾದರೂ ಮಾತು ಮೇಲಮೇಲೆಯೇ ತೇಲುತ್ತಿತ್ತು. ಒಂದು ದಿನ ಆಕೆ "ನಿಮ್ಮ ಭಾಷೆಯಲ್ಲೇ ಹೇಳಿ, ನನಗೆ ತಿಳಿಯದಿದ್ದರೂ ಪರವಾಗಿಲ್ಲ" ಅಂದಳಂತೆ. ಅವನು ನನ್ನನ್ನು ಒಳಗೆ ಕರೆಸಿಕೊಂಡ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ:

"ಅಪ್ಪ ಸತ್ತಾಗ ರಜಾ ಸಿಕ್ಕಿತ್ರಿ ಮಾಮಾ. ಬಸ್‌ಸ್ಟ್ಯಾಂಡಿಗೂ ಹೋಗಿದ್ದೆ. ಅಲ್ಲೇ ಕುಡದ ಕುಂತೆ. ಬಸ್ ಹೋತು."

ಮಗ ಯಾಕೆ ಬರಲಿಲ್ಲ ಎಂದು ಅಂದು ಊರಿನಲ್ಲಿ ಎಲ್ಲರೂ ಕೇಳಿದ್ದರು. "ಕಂಪನಿಯವರು ರಜೆ ಕೊಡಲಿಲ್ಲ" ಅಂತ ಹೆಣದ ಮುಂದೆ ನಿಂತು ಹೇಳಿದವನು ನಾನು. ಅವನ ಮಾನ ಉಳಿಸಿದೆ ಅಂದುಕೊಂಡಿದ್ದೆ. ಆ ಸುಳ್ಳನ್ನು ನಾನು ಹೇಳಿದ್ದರಿಂದಲೇ ನಿಜವನ್ನು ಯಾರಿಗೂ ಹೇಳಲಾಗದೆ ಅವನು ಆರು ವರ್ಷ ಅದನ್ನು ಹೊತ್ತು ಕುಡಿದಿದ್ದ.

ಮರಾಠಿಯಲ್ಲಿ ವ್ಯಾಪಾರ, ಇಂಗ್ಲಿಷಿನಲ್ಲಿ ಆಫೀಸು, ಹಿಂದಿಯಲ್ಲಿ ಜಗಳ ನಡೆದೀತು. ಅಳು ಮಾತ್ರ ಹುಟ್ಟಿದ ಭಾಷೆಯಲ್ಲೇ ಬರುತ್ತದೆ. ಪರರಾಜ್ಯದಲ್ಲಿರುವ ನಮ್ಮಂಥವರಿಗೆ ಈಗ ಒಂದು ಅನುಕೂಲ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, ನಂಬರ್ 14416. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ, ಉಚಿತ, ಕನ್ನಡವೂ ಸೇರಿ 20 ಭಾಷೆಗಳಲ್ಲಿ. ಚಟದ ವಿಷಯಕ್ಕೆಂದೇ ಕೇಂದ್ರ ಸರ್ಕಾರದ 14446 ಕೂಡ ಇದೆ. ಕುಡಿಯುವವನೇ ಮಾಡಬೇಕೆಂದಿಲ್ಲ. ಸೂಪರ್‌ವೈಸರಿಗೆ "ಜ್ವರ" ಅಂತ ಫೋನ್ ಮಾಡಲು ಹೊರಟಿದ್ದೀರಲ್ಲ, ಆ ಫೋನಿನ ಬದಲು ಈ ಫೋನ್ ಮಾಡಿ.

ಭಾವಮೈದುನ ಏಳು ತಿಂಗಳಿಗೆ ಒಮ್ಮೆ ಜಾರಿದ. ಈ ಸಲ ಯಾರೂ ಮುಚ್ಚಿಡಲಿಲ್ಲ. ಅವನೇ ಬೆಳಿಗ್ಗೆ ಫೋನ್ ಮಾಡಿ ಹೇಳಿದ, ಅವನೇ ಕೌನ್ಸೆಲರ್ ಬಳಿ ಹೋದ. ಈಗ ಹೇಗಿದ್ದಾನೆ ಅಂತ ಕೇಳುತ್ತೀರಾ? ಇವತ್ತು ಕುಡಿದಿಲ್ಲ. ಅಷ್ಟು ಮಾತ್ರ ಹೇಳಬೇಕು, ಅದಕ್ಕಿಂತ ಹೆಚ್ಚು ಹೇಳಬಾರದು ಅಂತ ಅವನೇ ನನಗೆ ಕಲಿಸಿದ್ದಾನೆ. ಹೋದ ತಿಂಗಳು ಊರಿಗೆ ಹೋಗಿದ್ದಾಗ ಅತ್ತೆಯ ಎದುರು ಕೂತು ಬಸ್‌ಸ್ಟ್ಯಾಂಡಿನ ವಿಷಯ ಹೇಳಿದನಂತೆ. ಅತ್ತೆ, "ಗೊತ್ತಿತ್ತಪಾ ನನಗ" ಅಂದರಂತೆ.

ನಮ್ಮ ಎವರ್‌ಗ್ರೀನಿಂಗ್ ಯಾರ ಕಣ್ಣಿಗೆ ಮಣ್ಣೆರಚುತ್ತಿತ್ತು ಅಂತ ಈಗ ಯೋಚಿಸುತ್ತಿದ್ದೇನೆ. ನೀವೇನಂತೀರಿ?