ಅಮೆರಿಕದ ಕಥೋಲಿಕ ಮತದಾರನ ಇಕ್ಕಟ್ಟು

2024ರ ಸೆಪ್ಟೆಂಬರ್ 13ರಂದು ಸಿಂಗಾಪುರದಿಂದ ರೋಮಿಗೆ ಮರಳುತ್ತಿದ್ದ ವಿಮಾನದಲ್ಲಿ ಜಗದ್ಗುರು ಫ್ರಾನ್ಸಿಸರಿಗೆ ಒಂದು ಪ್ರಶ್ನೆ ಎದುರಾಯಿತು. ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದವರಲ್ಲಿ ಒಬ್ಬರು ಗರ್ಭಪಾತದ ಪರ, ಇನ್ನೊಬ್ಬರು ವಲಸಿಗರನ್ನು ಲಕ್ಷೋಪಲಕ್ಷ ಸಂಖ್ಯೆಯಲ್ಲಿ ಹೊರದಬ್ಬುವೆನೆನ್ನುವವರು. ಹೀಗಿರಲು ಕಥೋಲಿಕ ಮತದಾರನು ಮಾಡಬೇಕಾದುದೇನು? ಇಬ್ಬರ ನಿಲುವೂ ಜೀವಕ್ಕೆ ವಿರುದ್ಧವಾದುದೇ. ಆದರೂ ಮತ ಚಲಾಯಿಸಬೇಕು. ಕಡಿಮೆ ಕೆಡುಕನ್ನು ಆರಿಸಬೇಕು. ಅದು ಯಾವುದೆಂಬುದನ್ನು ಪ್ರತಿಯೊಬ್ಬನೂ ತನ್ನ ಅಂತಃಸಾಕ್ಷಿಯಂತೆ ನಿರ್ಧರಿಸಬೇಕು. ಇದು ಅವರಿತ್ತ ಉತ್ತರದ ಸಾರಾಂಶ.

ಈ ಉತ್ತರ ಹಲವರಿಗೆ ರುಚಿಸಲಿಲ್ಲ. ಜಗದ್ಗುರುಗಳು ಜಾರಿಕೊಂಡರೆಂದು ಕೆಲವರು ಆಡಿಕೊಂಡರು. ಕರಾವಳಿಯಿಂದಲೂ ಬೆಂಗಳೂರಿನಿಂದಲೂ ಹೋಗಿ ಅಲ್ಲಿ ನೆಲೆಸಿ, ಪೌರತ್ವ ಪಡೆದು ಮತದಾರರಾಗಿರುವ ನಮ್ಮ ಜನರಲ್ಲಿಯೂ ಈ ಅಸಮಾಧಾನವಿರುವುದನ್ನು ನಾವು ಬಲ್ಲೆವು. ಹೆಸರು ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತೆಂಬುದು ಅವರ ಹಂಬಲ. ನಮ್ಮ ಅಭಿಪ್ರಾಯದಲ್ಲಿ ಆ ಉತ್ತರದ ತೂಕವಿರುವುದು ಹೆಸರು ಹೇಳದಿದ್ದುದರಲ್ಲಿ ಮಾತ್ರವಲ್ಲ, ಕೆಡುಕೆಂಬ ಪದವನ್ನು ಬಿಡದೆ ಬಳಸಿದುದರಲ್ಲಿ. ಕಡಿಮೆಯದಾದರೂ ಅದು ಕೆಡುಕೇ.

ಹಿಂದೆ ಪ್ರಶ್ನೆ ಬೇರೆಯಾಗಿತ್ತು. 1928ರಲ್ಲಿ ನ್ಯೂಯಾರ್ಕಿನ ಗವರ್ನರ್ ಆಲ್ ಸ್ಮಿತ್ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದಾಗ, ಕಥೋಲಿಕನೊಬ್ಬನು ಅಧ್ಯಕ್ಷನಾದರೆ ಆಳುವವನು ಅವನೋ ರೋಮೋ ಎಂದು ಪ್ರೊಟೆಸ್ಟಂಟ್ ಅಮೆರಿಕ ಕೇಳಿತು; ಸ್ಮಿತ್ ಸೋತರು. 1960ರ ಸೆಪ್ಟೆಂಬರಿನಲ್ಲಿ ಜಾನ್ ಕೆನಡಿಯವರು ಹ್ಯೂಸ್ಟನ್ನಿನ ಪ್ರೊಟೆಸ್ಟಂಟ್ ಪಾದ್ರಿಗಳ ಎದುರಿಗೇ ನಿಂತು, ರಾಷ್ಟ್ರದ ಆಡಳಿತದಲ್ಲಿ ಧರ್ಮಸಭೆಯ ಅಪ್ಪಣೆಗೆ ಕಾಯುವವನು ತಾನಲ್ಲವೆಂದು ಹೇಳಿ ಆ ಭಯವನ್ನು ಕಳೆಯಬೇಕಾಯಿತು. ಆ ವರ್ಷ ಕಥೋಲಿಕ ಮತದಾರರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಮಿಕ್ಕಿದವರು ಅವರಿಗೇ ಒಲಿದರು. 2004ರಲ್ಲಿ ಇನ್ನೊಬ್ಬ ಕಥೋಲಿಕ ಜಾನ್ ಕೆರಿ ಕಣಕ್ಕಿಳಿದಾಗ ಚಿತ್ರವೇ ತಲೆಕೆಳಗಾಗಿತ್ತು. ಅವರಿಗೆ ಪರಮಪ್ರಸಾದ ನೀಡಬಾರದೆಂದು ಆಕ್ಷೇಪವೆತ್ತಿದವರು ಕಥೋಲಿಕ ಬಿಷಪರಲ್ಲೇ ಕೆಲವರು. ಕಥೋಲಿಕರ ಮತಗಳಲ್ಲಿಯೂ ಹೆಚ್ಚಿನ ಪಾಲು ಮೆಥಡಿಸ್ಟ್ ಸಭೆಗೆ ಸೇರಿದ ಜಾರ್ಜ್ ಬುಷ್ ಅವರಿಗೆ ಹೋಯಿತು.

ಈ ಬದಲಾವಣೆಯ ಬೇರು 1973ರ ಜನವರಿಯಲ್ಲಿದೆ. ಗರ್ಭಪಾತವು ಸಂವಿಧಾನದತ್ತ ಹಕ್ಕೆಂದು ಅಲ್ಲಿನ ಸುಪ್ರೀಂ ಕೋರ್ಟು ಆ ತಿಂಗಳಲ್ಲಿ ತೀರ್ಪಿತ್ತಿತು. ಕ್ರಮೇಣ ಒಂದು ಪಕ್ಷ ಆ ಹಕ್ಕಿನ ಕಾವಲಿಗೆ ನಿಂತಿತು, ಇನ್ನೊಂದು ಅದರ ವಿರೋಧಕ್ಕೆ. ಗರ್ಭಸ್ಥ ಶಿಶುವಿನಿಂದ ಹಿಡಿದು ಮರಣದಂಡನೆಗೆ ಗುರಿಯಾದ ಅಪರಾಧಿಯವರೆಗೆ ಜೀವದ ಬೆಲೆ ಒಂದೇ ಎಂದು ಕಾರ್ಡಿನಲ್ ಬರ್ನಾರ್ಡಿನ್ 1983ರಲ್ಲಿ ಬೋಧಿಸಿದರು. ಪಕ್ಷಗಳು ಮಾತ್ರ ಆ ಬೋಧನೆಯನ್ನು ನಡುವೆ ಸೀಳಿ ತಮಗೆ ಹಿಡಿಸಿದ ಅರ್ಧವನ್ನು ಹಂಚಿಕೊಂಡವು. ಮೂರನೆಯ ಪಕ್ಷವೊಂದಕ್ಕೆ ಅಲ್ಲಿನ ವ್ಯವಸ್ಥೆಯಲ್ಲಿ ಅವಕಾಶ ಇಲ್ಲವೆಂದೇ ಹೇಳಬೇಕು. 538 ಚುನಾಯಕರಲ್ಲಿ 270 ಮಂದಿಯ ಮತ ದೊರೆತವರು ಅಧ್ಯಕ್ಷರು. ಬಹುತೇಕ ರಾಜ್ಯಗಳಲ್ಲಿ ಒಂದೇ ಒಂದು ಮತದಿಂದ ಮುಂದಿದ್ದರೂ ಆ ರಾಜ್ಯದ ಚುನಾಯಕರೆಲ್ಲರೂ ಗೆದ್ದವರ ಪಾಲು. ಆದುದರಿಂದ ಕಥೋಲಿಕ ಬೋಧನೆಯನ್ನು ಇಡಿಯಾಗಿ ಒಪ್ಪುವವನಿಗೆ ಆ ದೇಶದ ರಾಜಕೀಯದಲ್ಲಿ ಸ್ವಂತ ಮನೆಯಿಲ್ಲ, ಬಾಡಿಗೆ ಮನೆ ಮಾತ್ರ.

ಇಂಥ ಮತದಾರನಿಗೆ ಧರ್ಮಸಭೆ ದಾರಿ ತೋರದೆ ಬಿಟ್ಟಿಲ್ಲ. 2004ರಲ್ಲಿ ಕಾರ್ಡಿನಲ್ ರಾಟ್ಸಿಂಗರ್, ಮುಂದೆ ಹದಿನಾರನೆಯ ಬೆನೆಡಿಕ್ಟರಾದವರು, ಅಮೆರಿಕದ ಬಿಷಪರಿಗೆ ಕಳುಹಿಸಿದ ಟಿಪ್ಪಣಿಯ ಕೊನೆಯಲ್ಲಿ ಈ ವಿಷಯವನ್ನು ಸ್ಪಷ್ಟಪಡಿಸಿದ್ದಾರೆ. ಅಭ್ಯರ್ಥಿಯು ಗರ್ಭಪಾತದ ಪರವಿದ್ದಾನೆಂಬ ಕಾರಣಕ್ಕಾಗಿಯೇ ಮತ ಹಾಕುವವನು ಆ ಪಾಪದಲ್ಲಿ ಭಾಗಿ. ಅಭ್ಯರ್ಥಿಯ ಆ ನಿಲುವನ್ನು ಒಪ್ಪದೆ ಬೇರೆ ಕಾರಣಗಳಿಗಾಗಿ ಮತ ಹಾಕುವವನದು ದೂರದ ಸಹಕಾರ. ಅದಕ್ಕೆ ಸರಿತೂಗುವ ಗುರುತರ ಕಾರಣವಿದ್ದರೆ ಅದು ಸಲ್ಲಬಹುದು. ಎರಡು ಪಾಳೆಯದವರೂ ಈ ಟಿಪ್ಪಣಿಯನ್ನು ಅರ್ಧರ್ಧ ಓದಿದರು. ಮೊದಲ ಭಾಗ ಒಬ್ಬರಿಗೆ, ಕೊನೆಯ ಭಾಗ ಇನ್ನೊಬ್ಬರಿಗೆ! ನಡುವೆ ಇರುವ 'ನಿಲುವನ್ನು ಒಪ್ಪದೆ' ಎಂಬ ಷರತ್ತು ಯಾರಿಗೂ ಬೇಡವಾಯಿತು.

ನಮ್ಮ ತಕರಾರು ಇರುವುದು ಇಲ್ಲಿಯೇ. ಒಬ್ಬ ಕಥೋಲಿಕನು ಟ್ರಂಪ್ ಅವರಿಗೆ ಮತ ಹಾಕಿದನೆಂದೋ ಬೈಡನ್ ಅವರಿಗೆ ಹಾಕಿದನೆಂದೋ ಅವನ ವಿಶ್ವಾಸವನ್ನು ಸಂಶಯಿಸಲು ನಾವು ಸಿದ್ಧರಿಲ್ಲ. ಪರಮಪ್ರಸಾದದ ಸರತಿಯನ್ನು ಮತಗಟ್ಟೆಯ ಸರತಿಯಾಗಿ ಮಾಡುವುದೂ ನಮಗೆ ಸರಿಯೆನಿಸದು. ಆದರೆ ಮತ ಹಾಕಿದ ಮರುದಿನದಿಂದಲೇ ಕಡಿಮೆ ಕೆಡುಕೆಂಬುದು ಒಳಿತೆಂದು ಕರೆಸಿಕೊಳ್ಳತೊಡಗುತ್ತದೆಯಲ್ಲ, ಅದನ್ನು ಹೇಗೆ ಸಹಿಸುವುದು?

ಜೋ ಬೈಡನ್ ಅವರನ್ನೇ ನೋಡೋಣ. ಜಪಮಾಲೆ ಹಿಡಿಯುವ, ಭಾನುವಾರದ ಬಲಿಪೂಜೆ ತಪ್ಪಿಸದ ಕಥೋಲಿಕರು. ಬಡವರ ಆರೋಗ್ಯ ಯೋಜನೆಯ ಕೇಂದ್ರ ಸರಕಾರದ ಹಣ ಕೆಲವು ಅಪವಾದಗಳ ಹೊರತು ಗರ್ಭಪಾತಕ್ಕೆ ಸಲ್ಲಬಾರದೆಂಬ ಹೈಡ್ ತಿದ್ದುಪಡಿಯನ್ನು ದಶಕಗಳ ಕಾಲ ಬೆಂಬಲಿಸಿದ್ದವರು. 2019ರ ಜೂನ್‌ನಲ್ಲಿ, ಪಕ್ಷದ ಅಭ್ಯರ್ಥಿಯಾಗುವ ಸ್ಪರ್ಧೆಯ ನಡುವೆ, ಒಂದೆರಡು ದಿನಗಳ ಟೀಕೆಗೇ ಮಣಿದು ಆ ಬೆಂಬಲವನ್ನು ಕೈಬಿಟ್ಟರು. 2020ರಲ್ಲಿ ಅವರಿಗೆ ಮತ ಹಾಕಿದ ಕಥೋಲಿಕರು ಸಣ್ಣ ಸಂಖ್ಯೆಯವರಲ್ಲ. ಹೈಡ್ ತಿದ್ದುಪಡಿಯನ್ನು ಉಳಿಸಿರೆಂದು ಅವರಲ್ಲಿ ಎಷ್ಟು ಮಂದಿ ತಮ್ಮ ಪ್ರತಿನಿಧಿಗಳಿಗೆ ಬರೆದಾರು?

ಇನ್ನೊಂದು ಪಾಳೆಯದ ಮೌನ ಇದಕ್ಕಿಂತಲೂ ಭಾರವಾದುದೆಂದು ನಮಗೆ ತೋರುತ್ತದೆ, ಏಕೆಂದರೆ ಅವರು ಗೆದ್ದವರು. ಟ್ರಂಪ್ ನೇಮಿಸಿದ ಮೂವರು ನ್ಯಾಯಾಧೀಶರ ಬಲದಿಂದ 1973ರ ತೀರ್ಪು 2022ರ ಜೂನ್ 24ರಂದು ರದ್ದಾಯಿತು; ಅದಕ್ಕಾಗಿ ಮತ ಹಾಕಿದವರು ಸಂತೋಷಪಟ್ಟುದು ಸಹಜವೇ. ಅದೇ ಅಧ್ಯಕ್ಷರ ಕಾಲದಲ್ಲಿ, 2020ರ ಜುಲೈಯಿಂದ 2021ರ ಜನವರಿಯೊಳಗೆ, ಕೇಂದ್ರ ಸರಕಾರ 13 ಮಂದಿಯನ್ನು ಮರಣದಂಡನೆಗೆ ಗುರಿಪಡಿಸಿತು. 2025ರ ಜನವರಿಯಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದೊಡನೆ, ವಲಸಿಗರನ್ನು ಚರ್ಚುಗಳ ಬಳಿ ಬಂಧಿಸುವುದಕ್ಕೆ ಇದ್ದ ತಡೆಯನ್ನು ತೆಗೆದುಹಾಕಲಾಯಿತು. ಪ್ರೀತಿ ಮೊದಲು ಮನೆಯವರಿಗೆ, ಅನಂತರ ನೆರೆಯವರಿಗೆ, ತರುವಾಯ ದೇಶಕ್ಕೆ, ಪರರಿಗೆ ಕೊನೆಯಲ್ಲಿ ಎಂದು ಕಥೋಲಿಕರಾದ ಉಪಾಧ್ಯಕ್ಷ ವ್ಯಾನ್ಸ್ ವಾದಿಸಿದರು. ಫೆಬ್ರುವರಿ 10ರಂದು ಜಗದ್ಗುರು ಫ್ರಾನ್ಸಿಸರು ಅಮೆರಿಕದ ಬಿಷಪರಿಗೆ ಬರೆದ ಪತ್ರದಲ್ಲಿ, ಪ್ರೀತಿಯ ನಿಜಕ್ರಮವನ್ನು ತಿಳಿಯಬೇಕಾದವರು ದಯಾಳುವಾದ ಸಮಾರಿಯನ ಸಾಮತಿಯನ್ನು ಧ್ಯಾನಿಸಬೇಕೆಂದರು. ಮಾರ್ಗದಲ್ಲಿ ಬಿದ್ದಿದ್ದವನು ಸಮಾರಿಯನ ಮನೆಯವನೂ ಅಲ್ಲ, ನೆರೆಯವನೂ ಅಲ್ಲವಷ್ಟೆ! ನವೆಂಬರಿನಲ್ಲಿ ಬಾಲ್ಟಿಮೋರ್‌ನಲ್ಲಿ ಸಭೆ ಸೇರಿದ ಬಿಷಪರು ವಿವೇಚನೆಯಿಲ್ಲದ ಸಾಮೂಹಿಕ ಗಡೀಪಾರನ್ನು ವಿರೋಧಿಸಿ ವಿಶೇಷ ಸಂದೇಶ ಹೊರಡಿಸಿದರು. ಆ ಹೊತ್ತಿಗೆ ಷಿಕಾಗೋದಲ್ಲಿ ಹುಟ್ಟಿದ ಹದಿನಾಲ್ಕನೆಯ ಲಿಯೋ ಪೇತ್ರರ ಪೀಠದಲ್ಲಿದ್ದರು. ಅಮೆರಿಕವನ್ನರಿಯದ ಪರದೇಶಿಯ ಮಾತೆಂದು ತಳ್ಳಿಹಾಕುವ ಅನುಕೂಲವೂ ತಪ್ಪಿತು. ಗರ್ಭಸ್ಥ ಶಿಶುವಿಗಾಗಿ ಮತ ಹಾಕಿದೆವೆನ್ನುವವರು ಬಂಧನಕ್ಕೆ ಹೆದರಿ ಬಲಿಪೂಜೆಗೆ ಬಾರದಿರುವ ತಾಯಿಗಾಗಿ ಬಾಯಿ ತೆರೆದರೆ ಅವರ ಮೊದಲಿನ ಮಾತಿಗೂ ಬೆಲೆ ಬಂದೀತು.

ಬಾಯಿ ತೆರೆದರೆ ಫಲವೇ ಇಲ್ಲವೆನ್ನುವವರಿಗೆ 2024ರ ಡಿಸೆಂಬರ್ ತಿಂಗಳನ್ನು ನೆನಪಿಸಬಯಸುತ್ತೇವೆ. ಚುನಾವಣೆ ಮುಗಿದಿತ್ತು; ಬೈಡನ್ ಮನೆಗೆ ಹೊರಟವರು; ಯಾರಿಗೂ ಅವರಿಂದ ಮತದ ಲಾಭವಿರಲಿಲ್ಲ. ಕೇಂದ್ರ ಸರಕಾರದ ಸೆರೆಯಲ್ಲಿ ಮರಣದಂಡನೆಗೆ ಕಾದಿದ್ದ 40 ಮಂದಿಯ ಶಿಕ್ಷೆಯನ್ನು ತಗ್ಗಿಸಬೇಕೆಂದು ಬಿಷಪರೂ ವಿಶ್ವಾಸಿಗಳೂ ಅವರಿಗೆ ಮನವಿ ಮಾಡಿಕೊಂಡರು. ಡಿಸೆಂಬರ್ 8ರಂದು ಜಗದ್ಗುರು ಫ್ರಾನ್ಸಿಸರು ಅಮೆರಿಕದ ಮರಣದಂಡಿತರಿಗಾಗಿ ಬಹಿರಂಗವಾಗಿ ಪ್ರಾರ್ಥಿಸಿದರು. 23ರಂದು ಬೈಡನ್ 37 ಮಂದಿಯ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಉಳಿದ ಮೂವರಿಗಾಗಿ ಹೊಸ ಅಧ್ಯಕ್ಷರಲ್ಲಿ ಬೇಡಬೇಕಾದವರು ಅವರನ್ನು ಗೆಲ್ಲಿಸಿದ ಕಥೋಲಿಕರು.