‘ಬರೀ ಗ್ಯಾಸ್ಟ್ರಿಕ್’ ಎಂಬ ಮಾತಿನ ಮೇಲೆ ನನ್ನ ತಕರಾರು



ಕಳೆದ ತಿಂಗಳು ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ 1986ರ ಎಸ್.ಎಸ್.ಎಲ್.ಸಿ. ತಂಡದ ಶಿಷ್ಯನೊಬ್ಬ ಕುಳಿತಿದ್ದ. ಹೆಸರು ಬೇಡ, ಅವನ ಸಹಪಾಠಿಗಳಿಗೆ ಹೇಗೂ ಗೊತ್ತಾಗುತ್ತದೆ. ಹೋಳಿಗೆ ಬಂದಾಗ ಕೈ ಅಡ್ಡ ಹಿಡಿದ. ಅನ್ನ ಸಾರನ್ನೇ ತೆಳ್ಳಗೆ ಕಲಸಿಕೊಂಡು, ತುತ್ತಿಗೊಂದು ಗುಟುಕು ನೀರು ಕುಡಿಯುತ್ತಾ ಊಟ ಮುಗಿಸಿದ. “ಏಕಪ್ಪಾ, ಹೋಳಿಗೆ ಇದೆಯೆಂದರೆ ಹಾಸ್ಟೆಲಿನ ಗೋಡೆ ಹಾರುತ್ತಿದ್ದವನು ನೀನು” ಎಂದೆ. “ಏನಿಲ್ಲ ಸಾರ್, ಬರೀ ಗ್ಯಾಸ್ಟ್ರಿಕ್. ನಾಲ್ಕು ತಿಂಗಳಿಂದ ಗಟ್ಟಿ ಪದಾರ್ಥ ಎದೆಯ ಹತ್ತಿರ ನಿಂತ ಹಾಗಾಗುತ್ತದೆ. ಮೆಡಿಕಲ್ ಶಾಪಿನ ಹುಡುಗ ಒಳ್ಳೆಯ ಮಾತ್ರೆ ಕೊಡುತ್ತಾನೆ” ಎಂದು ನಕ್ಕ. ಕೈ ತೊಳೆಯಲು ಎದ್ದಾಗ ನೋಡಿದೆ: ಅವನ ಬೆಲ್ಟಿಗೆ ಮೊಳೆಯಿಂದ ಹೊಸದಾಗಿ ಎರಡು ತೂತು ಹೊಡೆದಿದ್ದವು.

ಆ ಎರಡು ತೂತುಗಳು ಅಂದು ರಾತ್ರಿ ನನಗೆ ನಿದ್ರೆ ಬರಗೊಡಲಿಲ್ಲ. ಈ ಲೇಖನ ಅಲ್ಲಿಂದ ಹುಟ್ಟಿದ್ದು. ಇದರಲ್ಲಿ ಸ್ವಲ್ಪ ಕೋಪವಿದ್ದರೆ ಕ್ಷಮಿಸಿರಿ. ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಕೋಪಗೊಳ್ಳುವ ಹಕ್ಕು ನಿವೃತ್ತಿಯೊಂದಿಗೆ ಹೋಗುವುದಿಲ್ಲವೆಂದು ನನ್ನ ನಂಬಿಕೆ.

ಮೊದಲನೆಯದಾಗಿ, ‘ಗ್ಯಾಸ್ಟ್ರಿಕ್’ ಎಂಬುದು ರೋಗದ ಹೆಸರೇ ಅಲ್ಲ. ಇಂಗ್ಲಿಷಿನಲ್ಲಿ ಅದು ‘ಜಠರಕ್ಕೆ ಸಂಬಂಧಿಸಿದ’ ಎಂಬ ಅರ್ಥ ಕೊಡುವ ಗುಣವಾಚಕ ಮಾತ್ರ. ‘ನನಗೆ ಗ್ಯಾಸ್ಟ್ರಿಕ್ ಇದೆ’ ಎನ್ನುವುದು ‘ನನಗೆ ಜಠರದ ಇದೆ’ ಎಂದಂತೆ. ಜಠರದ ಏನು? ಆ ನಾಮಪದವನ್ನು ಹುಡುಕುವ ಶ್ರಮವನ್ನು ನಾವು ತೆಗೆದುಕೊಳ್ಳುವುದಿಲ್ಲ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಬೆನ್ನುನೋವು, ಕೊನೆಗೆ ಹೃದಯಾಘಾತದ ಎದೆನೋವು ಕೂಡ, ಎಲ್ಲವನ್ನೂ ಈ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಡುತ್ತೇವೆ. ವ್ಯಾಕರಣದ ತಪ್ಪುಗಳಿಂದ ಅಂಕ ಹೋಗುವುದನ್ನು ಬಹಳ ಕಂಡಿದ್ದೇನೆ. ಪ್ರಾಣ ಹೋಗುವುದನ್ನೂ ಒಮ್ಮೆ ಕಂಡೆ.

ನನ್ನ ದೊಡ್ಡ ಅಕ್ಕನ ಯಜಮಾನರು, ನಮ್ಮೆಲ್ಲರ ಭಾವನವರು, ಮೂರು ವರ್ಷ ಜೇಬಿನಲ್ಲಿ ಮಾತ್ರೆಯ ಪಟ್ಟಿ ಇಟ್ಟುಕೊಂಡೇ ಓಡಾಡಿದರು. ಎಲೆ ಅಡಿಕೆ ಹೊಗೆಸೊಪ್ಪು ಅವರ ಬಾಯಿಂದ ಇಳಿಯುತ್ತಿರಲಿಲ್ಲ. ಮೊದಲು ರೊಟ್ಟಿ ಇಳಿಯದಾಯಿತು, ಆಮೇಲೆ ಮೆತ್ತಗಿನ ಅನ್ನ, ಆಮೇಲೆ ಗಂಜಿ. “ಕ್ಯಾಮೆರಾ ಹಾಕಿ ನೋಡಿಸೋಣ” ಎಂದು ನಾನು ಹೇಳಿದಾಗ ಮನೆಮಂದಿಯೆಲ್ಲ ನನ್ನ ಮೇಲೆ ಬಿದ್ದರು. “ಈ ವಯಸ್ಸಿನಲ್ಲಿ ಅವರಿಗೆ ಯಾಕೆ ಹಿಂಸೆ, ಹೆದರಿಸಬೇಡ” ಎಂದರು. ನಾನು ಸುಮ್ಮನಾದೆ. ಕೊನೆಗೆ ನೋಡಿಸಿದಾಗ ಅನ್ನನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಹಂತವನ್ನು ದಾಟಿತ್ತು. ಅಂದು ಅವರಿಗೆ ಸಿಕ್ಕಿದ ಉಪಕಾರವೆಂದರೆ ಅದೇ ಎಂಡೋಸ್ಕೋಪಿಯ ಮೂಲಕ ಅನ್ನನಾಳದೊಳಗೆ ಇಟ್ಟ ಒಂದು ಲೋಹದ ಜಾಲರಿಯ ಕೊಳವೆ, ಸ್ಟೆಂಟ್. ಅದರ ದೆಸೆಯಿಂದ ಕೊನೆಯ ನಾಲ್ಕು ತಿಂಗಳು ಹಾಲು, ಗಂಜಿ ಕುಡಿದರು. ಅಕ್ಕ ಇದನ್ನು ಓದುತ್ತಾಳೆ. ಅವಳನ್ನು ಕೇಳಿಯೇ ಬರೆದಿದ್ದೇನೆ. “ಬರಿ, ಯಾರಿಗಾದರೂ ಆಗಲಿ” ಎಂದಳು.

ಈಗ ನನ್ನದೊಂದು ತಪ್ಪೊಪ್ಪಿಗೆ. ಎಂಬತ್ತರ ದಶಕದಲ್ಲಿ ನನ್ನ ವಿಜ್ಞಾನದ ತರಗತಿಯಲ್ಲಿ ಕುಳಿತವರಿಗೆ ಜೀರ್ಣಾಂಗವ್ಯೂಹದ ಪಾಠದ ಕೊನೆಗೆ ನಾನು ಬರೆಸುತ್ತಿದ್ದ ವಾಕ್ಯ ನೆನಪಿರಬಹುದು: ಅತಿಯಾದ ಖಾರ, ಹೊತ್ತಲ್ಲದ ಹೊತ್ತಿನ ಊಟ, ಚಿಂತೆ, ಇವು ಜಠರವ್ರಣಕ್ಕೆ ಕಾರಣಗಳು. ಇದನ್ನು ಬರೆದವರಿಗೆ ಪೂರ್ತಿ ಅಂಕವನ್ನೂ ಕೊಟ್ಟಿದ್ದೇನೆ. ಅದು ತಪ್ಪು. ಖಾರದಿಂದ ಉರಿ ಹೆಚ್ಚಬಹುದು. ಆದರೆ ಬಹುಪಾಲು ಹುಣ್ಣುಗಳಿಗೆ ಕಾರಣ ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಮತ್ತು ನಾವು ಕಡಲೆಕಾಯಿಯಂತೆ ನುಂಗುವ ನೋವಿನ ಮಾತ್ರೆಗಳು.

ನಾನು ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ ಕಾಲದಲ್ಲೇ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ಇಬ್ಬರು ವೈದ್ಯರು ಅದನ್ನು ಅಳಿಸುತ್ತಿದ್ದರು. ಎಂಡೋಸ್ಕೋಪಿಯ ಮೂಲಕ ತೆಗೆದ ಜಠರದ ಚೂರುಗಳಲ್ಲಿ ಸುರುಳಿಯಾಕಾರದ ಜೀವಿಗಳು ಕಾಣುತ್ತಿದ್ದವು, ಆದರೆ ಪ್ರಯೋಗಾಲಯದಲ್ಲಿ ಬೆಳೆಯುತ್ತಿರಲಿಲ್ಲ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಹಾಗೆಯೇ ಉಳಿದವು, ಬ್ಯಾಕ್ಟೀರಿಯಾ ಬೆಳೆದಿತ್ತು. (ರಜೆಗಳಿಂದಲೂ ವಿಜ್ಞಾನಕ್ಕೆ ಲಾಭವಿದೆಯೆಂದು ನಾನು ಮುಖ್ಯೋಪಾಧ್ಯಾಯರಿಗೆ ಹೇಳಬಹುದಿತ್ತು.) ಆಮ್ಲ ತುಂಬಿದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಬದುಕುವುದೇ ಎಂದು ಲೋಕ ಸಂಶಯಪಟ್ಟಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆರೆಸಿದ ದ್ರವವನ್ನು ತಾನೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ. ಎಂಡೋಸ್ಕೋಪಿ ಮಾಡಿ ನೋಡಿದರೆ ಜಠರದ ಒಳಪೊರೆ ಉರಿಯೂತಗೊಂಡಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಒಳಗೆ ಇಣುಕಿ ನೋಡುವ ನಳಿಕೆಯಿಲ್ಲದಿದ್ದರೆ ನಾನು ಇನ್ನೂ ನಿಮ್ಮ ಮಕ್ಕಳಿಗೆ ಖಾರ ಮತ್ತು ಚಿಂತೆಯನ್ನೇ ಬರೆಸುತ್ತಿದ್ದೆನೇನೋ.

ನಳಿಕೆಯ ಕಥೆಯೂ ಸ್ವಾರಸ್ಯದ್ದೇ. 1868ರಲ್ಲಿ ಜರ್ಮನಿಯ ಕುಸ್ಮಾಲ್ ಎಂಬ ವೈದ್ಯರು ಕತ್ತಿ ನುಂಗುವ ಜಾತ್ರೆಯ ಕಲಾವಿದನೊಬ್ಬನ ಗಂಟಲಲ್ಲಿ ನೇರವಾದ ಲೋಹದ ಕೊಳವೆಯನ್ನು ಇಳಿಸಿದರು. ಕೊಳವೆ ಇಳಿಯಿತು, ಬೆಳಕು ಸಾಲಲಿಲ್ಲ. ಬೆಳಕನ್ನು ಬಳುಕಿಸಿ ಒಯ್ಯುವುದು ಹೇಗೆ? ಪ್ರಯೋಗಾಲಯದ ಕಿಟಕಿ ಮುಚ್ಚಿ, ತೂತುಳ್ಳ ಡಬ್ಬಿಯಿಂದ ಬಾಗಿ ಬೀಳುವ ನೀರಿನ ಧಾರೆಯ ಹಿಂದೆ ನಾನು ಟಾರ್ಚು ಹಿಡಿದದ್ದು ನಿಮಗೆ ನೆನಪಿದೆಯೇ? ಬೆಳಕು ಧಾರೆಯ ಜೊತೆಯಲ್ಲೇ ಬಾಗಿ ಬಕೆಟ್ಟಿಗೆ ಬೀಳುತ್ತಿತ್ತು. ಅದೇ ಸಂಪೂರ್ಣ ಆಂತರಿಕ ಪ್ರತಿಫಲನ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನೇ ಸಾಗಿಸಬಹುದೆಂದು 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಅದನ್ನು ಓದಿದ ಬೇಸಿಲ್ ಹಿರ್ಷೋವಿಟ್ಜ್ ಎಂಬ ವೈದ್ಯರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಂಗಡಿಗರೊಡನೆ ಬಾಗುವ ಜಠರದರ್ಶಕವನ್ನು ರೂಪಿಸಿ, 1957ರಲ್ಲಿ ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು. ಇಂದಿನ ನಳಿಕೆಯ ತುದಿಯಲ್ಲಿ ಪುಟ್ಟ ಕ್ಯಾಮೆರಾ ಇದ್ದು ಚಿತ್ರ ಪರದೆಯ ಮೇಲೆ ಮೂಡುತ್ತದೆ.

ಇಷ್ಟೆಲ್ಲ ತಿಳಿದ ನಾನು ಬುದ್ಧಿವಂತನೇ? ಕೇಳಿರಿ. 2019ರಲ್ಲಿ ಮೊಣಕಾಲು ನೋವಿಗೆ ಯಾರನ್ನೂ ಕೇಳದೆ ಮೂರು ತಿಂಗಳು ನೋವಿನ ಮಾತ್ರೆ ನುಂಗಿದೆ. ಹೊಟ್ಟೆಯಲ್ಲಿ ಸ್ವಲ್ಪ ಸಂಕಟ. ಜೀರಿಗೆ ಕಷಾಯ, ಓಂಕಾಳು, ನಿಂಬೆಹಣ್ಣಿನ ಸೋಡಾ. ಒಂದು ದಿನ ಮಲ ಟಾರಿನಂತೆ ಕಪ್ಪಗಾಯಿತು. ಹಿಂದಿನ ದಿನದ ರಾಗಿಮುದ್ದೆಯ ಮೇಲೆ ತಪ್ಪು ಹೊರಿಸಿದೆ. ಮೂರನೆಯ ದಿನ ಬಚ್ಚಲಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದೆ. ಹಿಮೋಗ್ಲೋಬಿನ್ ಏಳಕ್ಕಿಳಿದಿತ್ತು.

ರಕ್ತ ಕೊಟ್ಟು ಸುಧಾರಿಸಿದ ಮೇಲೆ ಎಂಡೋಸ್ಕೋಪಿ ಕೊಠಡಿಗೆ ಒಯ್ದರು. ನೀವೆಲ್ಲ ಹೆದರುವುದು ಇದಕ್ಕೇ ಆದ್ದರಿಂದ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಖಾಲಿ ಹೊಟ್ಟೆಯಲ್ಲಿರಬೇಕು. ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸುತ್ತಾರೆ, ಹಾಗಲಕಾಯಿಗಿಂತ ಕಹಿ. ಎಡಮಗ್ಗುಲಾಗಿ ಮಲಗಿಸಿ ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆಯಂಥದೊಂದನ್ನು ಇಡುತ್ತಾರೆ. ನಳಿಕೆ ನಮ್ಮ ಕಿರುಬೆರಳಿನಷ್ಟು ದಪ್ಪ. ನುಂಗುವಾಗ ಎರಡು ಮೂರು ಬಾರಿ ಓಕರಿಕೆ ಬಂತು, ಕಣ್ಣಲ್ಲಿ ನೀರು ಬಂತು. ಆದರೆ ಉಸಿರಾಟಕ್ಕೆ ತೊಂದರೆಯಿಲ್ಲ. ಅದು ಇಳಿಯುವುದು ಅನ್ನನಾಳಕ್ಕೆ, ಶ್ವಾಸನಾಳಕ್ಕಲ್ಲ. ಬೇಡವೆನ್ನುವವರಿಗೆ ಮಂಪರಿನ ಚುಚ್ಚುಮದ್ದು ಉಂಟು. ಹಾಗಾದರೆ ಅಂದು ವಾಹನ ನಡೆಸಬಾರದು, ಜೊತೆಗೊಬ್ಬರು ಬೇಕು. ಬರೀ ನೋಡುವುದಾದರೆ ಐದು ಹತ್ತು ನಿಮಿಷದ ಕೆಲಸ. ನನ್ನದು ಅರ್ಧ ಗಂಟೆ ಹಿಡಿಯಿತು, ಏಕೆಂದರೆ ಜಠರದಲ್ಲಿ ಹುಣ್ಣಿತ್ತು, ಅದರ ತಳದಿಂದ ರಕ್ತ ಜಿನುಗುತ್ತಿತ್ತು. ಅದೇ ನಳಿಕೆಯೊಳಗಿಂದ ಸೂಜಿ ಇಳಿಸಿ ಔಷಧ ಚುಚ್ಚಿ, ಒಗೆದ ಬಟ್ಟೆಗೆ ಹಾಕುವ ಕ್ಲಿಪ್ಪಿನಂಥ ಪುಟ್ಟ ಕ್ಲಿಪ್ ಹಾಕಿ ರಕ್ತನಾಳವನ್ನು ಬಿಗಿದರು. ಹಿಂದೆ ಇಂಥ ರಕ್ತಸ್ರಾವಕ್ಕೆ ಹೊಟ್ಟೆಯನ್ನೇ ಕೊಯ್ಯಬೇಕಾಗುತ್ತಿತ್ತು. ನನ್ನ ಹೊಟ್ಟೆಯ ಮೇಲೆ ಗೀರೂ ಇಲ್ಲ. ತೆಗೆದ ಚೂರಿನಲ್ಲಿ ಮಾರ್ಷಲ್ ಕುಡಿದ ಆ ಮಹಾಶಯನೂ ಸಿಕ್ಕಿದ. ಹದಿನಾಲ್ಕು ದಿನದ ಔಷಧದಿಂದ ಅವನನ್ನು ಕಳಿಸಿದೆವು. ಎರಡು ತಿಂಗಳ ಬಳಿಕ ಮತ್ತೊಮ್ಮೆ ನಳಿಕೆ ನುಂಗಿದೆ. ಜಠರದ ಹುಣ್ಣು ಮಾಯದಿದ್ದರೆ ಅದು ಬೇರೆಯೇ ರೋಗವಿರಬಹುದು. ಮಾದದ್ದನ್ನು ಕಣ್ಣಾರೆ ನೋಡಬೇಕು.

ಇನ್ನು ನಿಮ್ಮ ಆಕ್ಷೇಪಗಳು. ನನ್ನ ಸೋದರಳಿಯಂದಿರು ಫೋನಿನಲ್ಲಿ ಹೇಳುವುದನ್ನೇ ತೆಗೆದುಕೊಳ್ಳುತ್ತೇನೆ.

“ಮಾಮ, ಸ್ಕ್ಯಾನಿಂಗ್ ಮಾಡಿಸಿದ್ದೇವೆ, ಎಲ್ಲಾ ನಾರ್ಮಲ್.” ಯಾವ ಸ್ಕ್ಯಾನಿಂಗ್? ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡುವ ಅಲ್ಟ್ರಾಸೌಂಡು ಯಕೃತ್ತು, ಪಿತ್ತಕೋಶ, ಮೂತ್ರಪಿಂಡಗಳಿಗೆ ಒಳ್ಳೆಯದು. ಅನ್ನನಾಳದ, ಜಠರದ ಒಳಪೊರೆಯ ಹುಣ್ಣು ಅದಕ್ಕೆ ಕಾಣುವುದಿಲ್ಲ. ಪೂರ್ಣ ದೇಹ ತಪಾಸಣೆಯೆಂಬ ರಿಯಾಯಿತಿ ಪ್ಯಾಕೇಜುಗಳ ವರದಿ ಹಿಡಿದು ನಿಶ್ಚಿಂತೆಯಿಂದ ಕೂರುವವರು ಇದನ್ನು ತಿಳಿದಿರಲಿ. ಮನೆಯ ಬೀಗ ನೋಡಿ ಒಳಗಿನ ಕಪಾಟು ಭದ್ರವಾಗಿದೆ ಎನ್ನಬಾರದು.

“ಮಾತ್ರೆಯಿಂದ ಕಡಿಮೆಯಾಗಿದೆಯಲ್ಲ.” ಇದು ಎಲ್ಲಕ್ಕಿಂತ ಅಪಾಯದ ಮಾತು. ಆಮ್ಲವನ್ನು ತಗ್ಗಿಸುವ ಮಾತ್ರೆಯಿಂದ ಕ್ಯಾನ್ಸರಿನ ಹುಣ್ಣಿನ ಉರಿಯೂ ಕೆಲಕಾಲ ಶಮನವಾಗಬಲ್ಲದು. ನೋವು ಹೋಯಿತು, ರೋಗ ಉಳಿಯಿತು.

“ಎಲ್ಲಾ ದುಡ್ಡು ಮಾಡುವ ದಂಧೆ.” ಇದರಲ್ಲಿ ಅರ್ಧ ಸತ್ಯವಿದೆಯೆಂದು ಒಪ್ಪುತ್ತೇನೆ. ಇಪ್ಪತ್ತೈದರ ಹುಡುಗನಿಗೆ ಮದುವೆಮನೆಯ ಊಟದ ಮಾರನೆಯ ದಿನ ಎದೆಯುರಿ ಬಂದರೆ ನಳಿಕೆ ಬೇಕಾಗಿಲ್ಲ. ಕೆಲವು ವಾರಗಳ ಔಷಧ ಸಾಕು. ಪೈಲೋರಿ ಇದೆಯೇ ಎಂದು ತಿಳಿಯಲು ಉಸಿರಿನ, ಮಲದ ಪರೀಕ್ಷೆಗಳೂ ಇವೆ. ಅಂಥವನಿಗೂ ನಳಿಕೆ ಹಾಕಲು ಹೊರಟರೆ “ಏಕೆ ಬೇಕು, ಏನನ್ನು ಹುಡುಕುತ್ತಿದ್ದೀರಿ” ಎಂದು ಕೇಳಿರಿ. ಒಳ್ಳೆಯ ವೈದ್ಯರು ಕೋಪಿಸಿಕೊಳ್ಳುವುದಿಲ್ಲ. ಆದರೆ ನುಂಗುವಾಗ ಅನ್ನ ನಿಲ್ಲುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ರಕ್ತವಾಂತಿ, ಬಿಡದ ವಾಂತಿ, ಕಾರಣ ತಿಳಿಯದ ರಕ್ತಹೀನತೆ, ಐವತ್ತೈದು ಅರವತ್ತು ದಾಟಿದ ಮೇಲೆ ಹೊಸದಾಗಿ ಹುಟ್ಟಿದ ಅಜೀರ್ಣ: ಇವುಗಳಲ್ಲಿ ಒಂದಿದ್ದರೂ ದುಡ್ಡಿನ ಮಾತೆತ್ತಬೇಡಿ. ಮಗಳ ಮದುವೆಗೆ ಚಪ್ಪರದ ಹೂವಿಗೆ ಸುರಿದ ಹಣದಲ್ಲಿ ಇಡೀ ಕುಟುಂಬಕ್ಕೆ ಎಂಡೋಸ್ಕೋಪಿ ಮಾಡಿಸಬಹುದಿತ್ತು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಇನ್ನೂ ಕಡಿಮೆ ಖರ್ಚು. ಜಠರದ ಕ್ಯಾನ್ಸರ್ ಹೆಚ್ಚಾಗಿರುವ ಜಪಾನಿನಲ್ಲಿ ಐವತ್ತು ದಾಟಿದವರಿಗೆ ಯಾವ ತೊಂದರೆಯಿಲ್ಲದಿದ್ದರೂ ನಿಯತವಾಗಿ ಎಂಡೋಸ್ಕೋಪಿ ತಪಾಸಣೆಯ ವ್ಯವಸ್ಥೆಯಿದೆ. ಆರಂಭದಲ್ಲೇ ಸಿಕ್ಕ ಗಂತಿಯನ್ನು ನಳಿಕೆಯ ಮೂಲಕವೇ ಸುಲಿದು ತೆಗೆಯುತ್ತಾರೆ. ಅಂಥ ತಪಾಸಣೆ ನಮ್ಮಲ್ಲಿಲ್ಲ. ಕನಿಷ್ಠ ತೊಂದರೆ ಇದ್ದವರಾದರೂ ಹೋಗಬೇಡವೇ?

“ಏನಾದರೂ ಕೆಟ್ಟದ್ದು ಕಂಡರೆ?” ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉಳಿದ ಆಕ್ಷೇಪಗಳೆಲ್ಲ ಇದರ ಮೇಲೆ ಹೊದಿಸಿದ ಬಟ್ಟೆ. ನೋಡದಿದ್ದರೆ ಅದು ಇರುವುದಿಲ್ಲವೇ? ಭಾವನವರ ಮನೆಯಲ್ಲಿ ಅಂದು ನಾವೆಲ್ಲ ಕೂಡಿ ಮಾಡಿದ್ದು ಇದನ್ನೇ. ಹೆದರಿಸಬೇಡ ಎಂದವರು ಅವರನ್ನು ಪ್ರೀತಿಸದವರಲ್ಲ, ಬಹಳ ಪ್ರೀತಿಸಿದವರು. ಆದ್ದರಿಂದಲೇ ನನಗೆ ಆ ಪ್ರೀತಿಯ ಮೇಲೆ ಇಷ್ಟು ಸಿಟ್ಟು. ಮತ್ತು ನುಂಗಲಾಗದ್ದೆಲ್ಲ ಕ್ಯಾನ್ಸರೂ ಅಲ್ಲ. ಆಮ್ಲದ ಹುಣ್ಣು ಮಾದು ಅನ್ನನಾಳ ಕಿರಿದಾಗಿರಬಹುದು, ಅದನ್ನು ಬಲೂನಿನಿಂದ ಹಿಗ್ಗಿಸುತ್ತಾರೆ. ಕೆಳಗಿನ ಸ್ನಾಯು ಸಡಿಲಗೊಳ್ಳದ ಅಕಲೇಷಿಯಾ ಎಂಬ ರೋಗವಿರಬಹುದು, ಅದಕ್ಕೂ ನಳಿಕೆಯ ಮೂಲಕವೇ ಚಿಕಿತ್ಸೆಯಿದೆ. ಯಾವುದೆಂದು ಮೆಡಿಕಲ್ ಶಾಪಿನ ಹುಡುಗ ಕೌಂಟರಿನ ಆಚೆಯಿಂದ ಹೇಗೆ ತಿಳಿದಾನು?

ಗೃಹಪ್ರವೇಶದ ಮಾರನೆಯ ಬೆಳಿಗ್ಗೆಯೇ ಆ ಶಿಷ್ಯನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮೂರು ದಿನ ಎತ್ತಲಿಲ್ಲ. ನಾಲ್ಕನೆಯ ದಿನ ಅವನ ಹೆಂಡತಿಯ ನಂಬರ್ ಸಂಪಾದಿಸಿದೆ. ಆಕೆ ಅತ್ತರು. ಆಮೇಲೆ ಅವನೇ ಮಾತನಾಡಿ, “ಸಾರ್, ಅಡಿಕೆ ಕೊಯ್ಲು ಮುಗಿಯಲಿ” ಎಂದ. “ಹೋಂವರ್ಕ್ ಯಾಕೆ ಮಾಡಿಲ್ಲವೆಂದರೆ ಅಂದೂ ಅಡಿಕೆ ಕೊಯ್ಲನ್ನೇ ಹೇಳುತ್ತಿದ್ದೆ” ಎಂದೆ. ಬಹಳ ಹೊತ್ತು ಸುಮ್ಮನಿದ್ದು, “ನೀವೂ ಬರ್ತೀರಾ ಸಾರ್?” ಎಂದು ಕೇಳಿದ.

ಬರುವ ಗುರುವಾರ ಬೆಳಿಗ್ಗೆ ಎಂಟೂವರೆಗೆ ಸಮಯ ಕೊಟ್ಟಿದ್ದಾರೆ. ಐದೂಮುಕ್ಕಾಲರ ಬಸ್ಸಿಗೆ ನಾವು ಮೂವರೂ ಹೊರಡುತ್ತೇವೆ. ಬುಧವಾರ ರಾತ್ರಿ ಎಂಟರ ಮೇಲೆ ಅವನು ಏನೂ ತಿನ್ನಬಾರದೆಂದು ಅವನ ಹೆಂಡತಿಗೆ ಹೇಳಿದ್ದೇನೆ. ಎಲೆ ಅಡಿಕೆಯೂ ಇಲ್ಲ.