ಹಿತ್ತಿಲ ಮನೆಗೆ ಎಷ್ಟು ಬಾಡಿಗೆ?



ಕಳೆದ ಸಲ ಪತ್ರೊಡೆಯ ವಿಷಯ ಬರೆದಿದ್ದೆ. ಕೆಸುವಿನ ಎಲೆ ಬಾಯಿ ತುರಿಸದ ಹಾಗೆ ಮಾಡುವುದು ಹೇಗೆಂದು ಕೇಳಿ ಬಹಳ ಜನ ಪತ್ರ ಹಾಕಿದ್ದೀರಿ. ಹುಣಸೆಹುಳಿ ಸ್ವಲ್ಪ ಮುಂದಾಗಿ ಹಾಕಿ, ಹಬೆಯಲ್ಲಿ ಚೆನ್ನಾಗಿ ಬೇಯಿಸಿ, ಅಷ್ಟೇ. ಈ ಸಲ ಅಡುಗೆಮನೆಯ ಬಾಗಿಲು ದಾಟಿ ನಮ್ಮ ಹಿತ್ತಿಲಿಗೆ ಬನ್ನಿ. ಒಂದು ತಿಂಗಳಿಂದ ನನ್ನ ನಿದ್ದೆ ಕೆಡಿಸಿದ ವಿಷಯ ಅಲ್ಲಿದೆ.

ನಮ್ಮದು ಗೋಕರ್ಣ. ಮೊದಲೆಲ್ಲ ಇಲ್ಲಿಗೆ ಬರುತ್ತಿದ್ದವರು ಮಹಾಬಲೇಶ್ವರನ ದರ್ಶನಕ್ಕೆ, ಇಲ್ಲವೆ ಪಿತೃಕಾರ್ಯಕ್ಕೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಕುಡ್ಲೆ, ಓಂ ಕಡಲತೀರಗಳ ಹೆಸರು ದೂರದೂರಕ್ಕೆ ಹೋಯಿತು. ಈಗ ದೀಪಾವಳಿಯಿಂದ ಶಿವರಾತ್ರಿ ತನಕ ಊರು ತುಂಬಿ ತುಳುಕುತ್ತದೆ. ಜೂನ್ ಬಂತೋ, ಅಂಗಡಿಗಳ ಮೇಲೆ ತಾಡಪತ್ರೆ, ಬೀದಿಯಲ್ಲಿ ನಾವು ನಾವೇ. ಸಮುದ್ರವೂ ಕೆಲಸ ಕೊಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ.

ನಮ್ಮ ಹಿತ್ತಿಲಲ್ಲಿ ಮಾವನವರು ಕಟ್ಟಿಸಿದ ಎರಡು ಕೋಣೆಯ ಚಿಕ್ಕ ಮನೆಯಿದೆ. ಏಳು ವರ್ಷದಿಂದ ಅಲ್ಲಿ ಒಂದು ಸಂಸಾರವಿದೆ. ಆಕೆ ಹೊಲಿಗೆ ಮಾಡುತ್ತಾಳೆ. ಗಂಡ ತದಡಿ ಬಂದರಿನಿಂದ ಬೋಟಿಗೆ ಹೋಗುವವನು. ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ಪ್ರವಾಸಿಗರ ಕಾಲದಲ್ಲಿ ಬಟ್ಟೆಯ ಚೀಲ, ಸಡಿಲ ಪ್ಯಾಂಟು ಹೊಲಿದು ಅಂಗಡಿಗಳಿಗೆ ಕೊಡುತ್ತಾಳೆ. ಜೂನಿನಲ್ಲಿ ಶಾಲೆಯ ಸಮವಸ್ತ್ರ. ಬಾಡಿಗೆ ತಿಂಗಳಿಗೆ 3,000 ರೂಪಾಯಿ. ಒಂದು ತಿಂಗಳೂ ತಪ್ಪಿಸಿದವಳಲ್ಲ.

ಚೌತಿ ಮುಗಿದ ಮಾರನೇ ದಿನ ನಮ್ಮವರು ಸ್ನೇಹಿತರ ಮನೆಗೆ ಹೋಗಿ ಬಂದರು. ಬಂದವರೇ, “ಅವರ ಹಿಂದಿನ ಕೋಣೆ ರಾತ್ರಿಗೆ ಸಾವಿರ ರೂಪಾಯಿಗೆ ಹೋಗ್ತದಂತೆ ಮಾರಾಯ್ತಿ, ನಾವು ತಿಂಗಳಿಗೆ ಮೂರು ಸಾವಿರ ಎಣಿಸ್ತಾ ಕೂತಿದ್ದೇವೆ” ಅಂದರು. ಮಗ ಮೊಬೈಲಿನಲ್ಲೇ ಲೆಕ್ಕ ಹಾಕಿದ. ನವೆಂಬರಿನಿಂದ ಫೆಬ್ರವರಿ, 120 ರಾತ್ರಿ, 1,20,000 ರೂಪಾಯಿ. ಅವನ ಕಾಲೇಜಿನ ಶುಲ್ಕ ಕಟ್ಟುವುದಿದೆ, ನನ್ನ ಬಳೆ ಬ್ಯಾಂಕಿನಲ್ಲಿದೆ. ಆಸೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ನಾನೇ ಬಾವಿಕಟ್ಟೆಯ ಹತ್ತಿರ ಆಕೆಗೆ, “ದೀಪಾವಳಿ ಹೊತ್ತಿಗೆ ಬೇರೆ ಕಡೆ ನೋಡಿದ್ರೆ ಚಲೋ” ಅಂದುಬಿಟ್ಟೆ. ಆಕೆ “ಆಗ್ಲಿ ಅಕ್ಕಾ” ಅಂದಳು. ಅಷ್ಟೇ.

ಹತ್ತು ದಿನ ಆಕೆ ಸಂಜೆ ಸಂಜೆ ಮನೆ ಹುಡುಕಿದಳು. ಒಂದು ಕಡೆ, ಹತ್ತು ತಿಂಗಳ ಬಾಡಿಗೆ ಮುಂಗಡ ಇಡಿ ಅಂದರಂತೆ. ಇನ್ನೊಂದು ಕಡೆ, “ಈಗ ಬೇಡ, ಜೂನಿಗೆ ಬನ್ನಿ, ಸೆಪ್ಟೆಂಬರಿಗೆ ಬಿಡಿ” ಅಂದರಂತೆ. ಅಂದರೆ ಊರಿನವರಿಗೆ ಮನೆ ಸಿಗುವುದು ಮಳೆಗಾಲದಲ್ಲಿ ಮಾತ್ರ! ಆಕೆ ಕೊನೆಗೆ ಹೇಳಿದಳು, “ಕುಮಟೆ ಬದಿಗೆ ಹೋಗ್ತೇವೆ ಅಕ್ಕಾ. ಇವ್ರಿಗೆ ಬಂದರು ದೂರ ಆಗ್ತದೆ, ನಂಗೆ ಅಂಗಡಿ ದೂರ ಆಗ್ತದೆ. ಎಂತಾ ಮಾಡೂದು.”

ಆ ರಾತ್ರಿ ನಾನು ಮನೆಖರ್ಚಿನ ಪುಸ್ತಕ ತೆಗೆದು ಕೂತೆ. ಮಗನ ಲೆಕ್ಕ ಗಂಡಸರ ಲೆಕ್ಕ, ಒಳಗೆ ಬಂದದ್ದು ಮಾತ್ರ ಎಣಿಸಿದ್ದ. ಹೊರಗೆ ಹೋಗುವುದನ್ನು ನಾನು ಬರೆದೆ.

ನಾವು ಕಡಲಿಗೆ ಹತ್ತಿರದವರಲ್ಲ. ಶನಿವಾರ ಭಾನುವಾರ, ಕ್ರಿಸ್‌ಮಸ್ ರಜೆ, ಶಿವರಾತ್ರಿ ಸೇರಿಸಿದರೆ 60 ರಾತ್ರಿ ತುಂಬಿದರೆ ಹೆಚ್ಚು. ಅದು 60,000. ಅದರಲ್ಲಿ ಗಿರಾಕಿ ತಂದುಕೊಟ್ಟವರ ಕಮಿಷನ್, ಹಾಸಿಗೆ ಬಟ್ಟೆ ಒಗೆಯುವುದು, ಗುಡಿಸುವವಳ ಸಂಬಳ, ಬಿಸಿನೀರಿನ ಕರೆಂಟು ಎಲ್ಲ ಸೇರಿ 22,000. ಉಳಿದದ್ದು 38,000. ಮೊದಲ ವರ್ಷ ಮಂಚ, ಹಾಸಿಗೆ, ಗೀಸರು ಕೊಳ್ಳುವ ಖರ್ಚು ಬೇರೆ. ಹೋಮ್‌ಸ್ಟೇ ಎಂದು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಬೇಕು. ಪರದೇಶದವರು ಉಳಿದರೆ 24 ಗಂಟೆಯೊಳಗೆ ಸರಕಾರಕ್ಕೆ ಮಾಹಿತಿ ಕೊಡಬೇಕು. ಉಳಿದ ಎಂಟು ತಿಂಗಳು ಮನೆ ಬೀಗ ಹಾಕಿಯೇ ಇರುತ್ತದೆ. ನಮ್ಮ ಕಡೆಯ ಮಳೆಗೆ ಒಲೆ ಉರಿಯದ ಮನೆಯ ಗತಿ ನಿಮಗೆ ಗೊತ್ತು. ಗೋಡೆಗೆ ಬೂಷ್ಟು, ಪಕಾಸಿಗೆ ಗೆದ್ದಲು.

ಈಗಿನ ಬಾಡಿಗೆ ವರ್ಷಕ್ಕೆ 36,000. ಎರಡು ಸಾವಿರಕ್ಕಾಗಿ ನಾನು ಏಳು ವರ್ಷದ ನೆರೆಯನ್ನು ಹೊರಗೆ ಹಾಕಲು ಹೊರಟಿದ್ದೆ!

ಕಡಲಿಗೆ ಅಂಟಿಕೊಂಡ ಮನೆಯವರಿಗೆ ಇದಕ್ಕಿಂತ ಹೆಚ್ಚು ಸಿಗುತ್ತದೆ, ಅದು ನಿಜ. ಅವರನ್ನು ನಾನು ದೂರುವುದಿಲ್ಲ, ಎಷ್ಟೋ ಮನೆಗಳಲ್ಲಿ ಮಕ್ಕಳು ಓದಿದ್ದೇ ಈ ಹಣದಿಂದ. ಆದರೆ ಎಲ್ಲರೂ ಹಾಗೇ ಮಾಡಿದರೆ ಜೂನಿನಲ್ಲಿ ಸಮವಸ್ತ್ರ ಹೊಲಿಯುವವರು ಯಾರು? ಆಸ್ಪತ್ರೆಯ ನರ್ಸು, ಶಾಲೆಯ ಟೀಚರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು ಎಲ್ಲಿ ಇರಬೇಕು? ಒಂದು ಕಡೆ ಗುಡ್ಡ, ಒಂದು ಕಡೆ ಕಡಲು. ದಡದಲ್ಲಿ ಕಟ್ಟುವುದಕ್ಕೆ 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮವಿದೆ. ಹೊಸ ಜಾಗ ಹುಟ್ಟುವುದಿಲ್ಲ. ಸ್ವಂತ ನಿವೇಶನ ಇದ್ದವರಿಗೆ ಮನೆ ಕಟ್ಟಲು ಸರಕಾರದ ಸಹಾಯಧನ ಉಂಟು. ನಿವೇಶನವೇ ಇಲ್ಲದವರಿಗೆ ನಮ್ಮಂಥವರ ಹಿತ್ತಿಲೇ ಗತಿ.

ಇದು ನಮ್ಮೂರಿನ ಗೋಳು ಮಾತ್ರವಲ್ಲ. ಇಂಗ್ಲೆಂಡಿನಲ್ಲಿರುವ ತಂಗಿಯ ಮಗಳು ಫೋನಿನಲ್ಲಿ ಹೇಳಿದಳು. ಅಲ್ಲಿ ಕಾರ್ನ್‌ವಾಲ್ ಎಂಬ ಸೀಮೆಯಲ್ಲಿ ಸೇಂಟ್ ಐವ್ಸ್ ಅಂತ ಕಡಲೂರು. ರಜೆಗೆ ಬರುವವರೇ ಮನೆಗಳನ್ನು ಕೊಂಡು ಊರಿನವರಿಗೆ ಜಾಗವಿಲ್ಲದಾಯಿತು. 2016ರಲ್ಲಿ ಅಲ್ಲಿಯ ಜನ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳು ವರ್ಷವಿಡೀ ವಾಸಿಸುವವರಿಗೇ ಸಿಗಬೇಕೆಂದು ನಿಯಮ ಮಾಡಿಕೊಂಡರಂತೆ. ಆದರೆ ಹಳೆಯ ಮನೆಗಳಿಗೆ ಆ ನಿಯಮ ಇಲ್ಲ. ಹಳೆಯ ಮನೆಗಳಿಗೆ ನಿಯಮ ಮಾಡಬೇಕಾದವರು ಆ ಮನೆಯವರೇ ಅಂತ ನನಗನ್ನಿಸಿತು.

ಮಾರನೇ ದಿನ ಆಕೆಯನ್ನು ಒಳಗೆ ಕರೆದೆ. ಚಹ ಕೊಟ್ಟು, ತಪ್ಪಾಯಿತು ಅಂದೆ. ಆಮೇಲೆ ಇಬ್ಬರೂ ಕೂತು ಹೊಸ ಲೆಕ್ಕ ಮಾಡಿದೆವು. ಆಕೆಯ ಗಳಿಕೆಯೇ ಎರಡು ಬಗೆಯದು, ಬಾಡಿಗೆ ಯಾಕೆ ಒಂದೇ ಬಗೆ ಇರಬೇಕು? ಅಕ್ಟೋಬರಿನಿಂದ ಮಾರ್ಚಿಗೆ ತಿಂಗಳಿಗೆ 4,000. ಏಪ್ರಿಲಿನಿಂದ ಸೆಪ್ಟೆಂಬರಿಗೆ 2,500. ಕೂಡಿದರೆ ವರ್ಷಕ್ಕೆ 39,000. ಪ್ರವಾಸಿಗರಿಂದ ಕೈಗೆ ಸಿಗುತ್ತಿದ್ದುದಕ್ಕಿಂತ ಒಂದು ಸಾವಿರ ಮುಂದೆಯೇ ಆಯಿತು! ನಮ್ಮವರು ಪುಸ್ತಕವನ್ನು ಎರಡು ಸಲ ನೋಡಿ, “ಆಯ್ತಪ್ಪಾ” ಅಂದರು. ಆಕೆಗೆ, ಗಂಡನ ಬೋಟು ನಿಂತ ತಿಂಗಳಲ್ಲಿ ಐನೂರು ರೂಪಾಯಿಯ ಹಗುರ.

ಮಳೆಗಾಲಕ್ಕೆ ಕೂಡಿಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಒಣಮೀನು, ಉಪ್ಪಿನಕಾಯಿ, ಕಟ್ಟಿಗೆ ಎಲ್ಲ ಒಳಗೆ ಸೇರಿಸುತ್ತೇವೆ. ಹಣವನ್ನೂ ಹಾಗೇ ಭರಣಿಗೆ ಹಾಕಬೇಕು. ಮೀನುಗಾರರ ಉಳಿತಾಯ ಪರಿಹಾರ ಯೋಜನೆಯ ಗುಟ್ಟೂ ಇದೇ. 2020ರ ಮತ್ಸ್ಯ ಸಂಪದ ಯೋಜನೆಯ ಲೆಕ್ಕದಲ್ಲಿ ಮೀನುಗಾರ 1,500 ರೂಪಾಯಿ ಕೂಡಿಟ್ಟರೆ ಸರಕಾರ 3,000 ಸೇರಿಸಿ, ಕೆಲಸವಿಲ್ಲದ ಮೂರು ತಿಂಗಳು 1,500ರಂತೆ ವಾಪಸು ಕೊಡುತ್ತಿತ್ತು.

ಸಾಲದ ವಿಷಯ ಒಂದು ಮಾತು. ಆಕೆ 2024ರಲ್ಲಿ ವಿಶ್ವಕರ್ಮ ಯೋಜನೆಯಲ್ಲಿ ಹೆಸರು ಹಚ್ಚಿದ್ದಳು. 2023ರಲ್ಲಿ ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ, ಮೀನಿನ ಬಲೆ ಹೆಣೆಯುವುದೂ, ದೋಣಿ ಕಟ್ಟುವುದೂ ಸೇರಿವೆ. ತರಬೇತಿ ಮುಗಿಸಿದವರಿಗೆ ಸಲಕರಣೆಗೆ 15,000 ರೂಪಾಯಿ ತನಕ, ಮೊದಲ ಸಾಲ ಒಂದು ಲಕ್ಷದ ತನಕ, ಬಡ್ಡಿ ನೂರಕ್ಕೆ 5. ಒಂದು ಲಕ್ಷಕ್ಕೆ 18 ಕಂತು ಅಂದರೆ ತಿಂಗಳಿಗೆ ಸುಮಾರು 5,800 ಆಯಿತು. ಪ್ರವಾಸಿಗರ ಕಾಲದಲ್ಲಿ ಇದು ಏನೂ ಅಲ್ಲ, ಆಷಾಢದಲ್ಲಿ ಬೆಟ್ಟ. ಬ್ಯಾಂಕಿನ ಕಂತಿಗೆ ಮಳೆಗಾಲ ಗೊತ್ತಿಲ್ಲ. ಆದ್ದರಿಂದ ಆಕೆ ಅರ್ಧವನ್ನೇ ತೆಗೆದುಕೊಂಡಳು. ಡಿಸೆಂಬರಿನಲ್ಲೇ ಜೂನ್, ಜುಲೈನ ಕಂತನ್ನು ಸ್ವಸಹಾಯ ಸಂಘದಲ್ಲಿ ಕಟ್ಟಿಟ್ಟಳು. ಕಾಲಿನ ಮೆಷಿನ್ನಿಗೆ ಈಗ ಮೋಟಾರು ಬಂದಿದೆ.

ನಿಮ್ಮಲ್ಲಿ ಯಾರಿಗಾದರೂ ಇಂಥ ಆಸರೆ ಬೇಕಿದ್ದರೆ, ಹೊಸ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ಪಂಚಾಯತಿಯಲ್ಲಿ ಕೇಳಿ. ಅದಿಲ್ಲದಿದ್ದರೆ ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ ಶಿಶು ಸಾಲ ಕೇಳಬಹುದು, 50,000ದವರೆಗೆ, ಅಡವು ಬೇಡ. ಪಟ್ಟಣದಲ್ಲಿ ಬೀದಿಬದಿ ಹೂವು, ತರಕಾರಿ ಮಾರುವವರಿಗೆ ಸ್ವನಿಧಿ ಇದೆ. 2025ರಲ್ಲಿ ಅದರ ಮೊದಲ ಕಂತನ್ನು 10,000ದಿಂದ 15,000ಕ್ಕೆ ಏರಿಸಿದ್ದಾರೆ.

ಈ ಸಲದ ಕಿವಿಮಾತು: ಬಾಡಿಗೆಯನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಕೊಡುವವರಾಗಲಿ ತೆಗೆದುಕೊಳ್ಳುವವರಾಗಲಿ. ಎರಡು ಬಗೆಯ ಬಾಡಿಗೆಯನ್ನೂ, ಬಿಡಿಸಬೇಕಿದ್ದರೆ ಎಷ್ಟು ತಿಂಗಳು ಮುಂಚೆ ಹೇಳಬೇಕೆಂಬುದನ್ನೂ ಕರಾರಿನಲ್ಲಿ ಬರೆಸಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಆಗಬೇಕು. ಅದಕ್ಕೇ ಜನ 11 ತಿಂಗಳಿಗೆ ಬರೆಸುವುದು. ತಿಂಗಳು ತಿಂಗಳು ರಸೀದಿ ಇರಲಿ.

ಈ ಸಾಲು ಬರೆಯುವಾಗ ಹಿತ್ತಿಲಿನಿಂದ ಮೆಷಿನ್ನಿನ ಸದ್ದು ಕೇಳುತ್ತಿದೆ. ಮಗನ ಶುಲ್ಕಕ್ಕೆ ನನ್ನ ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ. ಇರಲಿ, ಬರುತ್ತದೆ. ನಿಮ್ಮ ಊರಿನಲ್ಲಿ ಬಾಡಿಗೆಯ ಲೆಕ್ಕ ಹೇಗಿದೆ? ಪತ್ರ ಬರೆಯಿರಿ. ಮುಂದಿನ ಸಲ ದೀಪಾವಳಿಯ ಹೋಳಿಗೆಯೊಂದಿಗೆ ಸಿಗೋಣ.